ಎತ್ತಿಕೊಳ್ಳದ ಸೊಲ್ಲು

ಲುವೀನಿಯಾ ಟಾಲ್ಬರ್ಟ್ ಎಂಜಿನ್ನಿನ ಬೆನ್ನಿಗೇ ಇರುವ ಕರಿಯರ ಡಬ್ಬಿಯಲ್ಲಿ ಕೂತು ಜಾರ್ಜಿಯಾದ ತನ್ನ ಊರಿಗೆ ಹೊರಟಿದ್ದಳು. ತೊಡೆಯ ಮೇಲೊಂದು ಶೂ ಪೆಟ್ಟಿಗೆ, ಅದರಲ್ಲಿ ಕರಿದ ಕೋಳಿ, ಬೇಯಿಸಿದ ಮೊಟ್ಟೆ, ಒಂದು ತುಂಡು ಕೇಕು. ಊಟದ ಡಬ್ಬಿಯ ಬಾಗಿಲು ಅವಳ ಬಣ್ಣದವರಿಗೆ ತೆರೆಯುವುದಿಲ್ಲ. ನ್ಯೂಯಾರ್ಕಿನ ದೊಡ್ಡ ಥಿಯೇಟರಿನ ಹಣೆಯ ಮೇಲೆ ಅವಳ ಹೆಸರು ಆಳೆತ್ತರದ ದೀಪಗಳಲ್ಲಿ ಉರಿದದ್ದು ಸುಳ್ಳಲ್ಲ. ಆದರೆ ವಾಷಿಂಗ್ಟನ್ ದಾಟಿದ ಮೇಲೆ ಆ ದೀಪ ಯಾರ ಕಣ್ಣಿಗೂ ಕಾಣುವುದಿಲ್ಲ. ಕಿಟಕಿಯಿಂದ ಹಾರಿ ಬಂದ ಮಸಿ ಅವಳ ಬೂದು ಕೋಟಿನ ಮೇಲೆ ಕೂತಿತ್ತು. ಕೊಡವಿ ಕೊಡವಿ ಸಾಕಾಗಿ ಬಿಟ್ಟುಬಿಟ್ಟಳು.

ಊರಿನಿಂದ ಸುದ್ದಿ ತಂದವನು ರೈಲಿನೊಳಗೆ ಪ್ರಯಾಣಿಕರ ಸೇವೆಗಿರುವ ಕರಿಯ ಪೋರ್ಟರ್. ನಮ್ಮವರ ಸುದ್ದಿಗಳೆಲ್ಲ ಆ ಪೋರ್ಟರುಗಳ ಬಾಯಲ್ಲೇ ತೆಂಕಣದಿಂದ ಬಡಗಣಕ್ಕೆ ಓಡಾಡುತ್ತಿದ್ದ ಕಾಲ ಅದು. ನ್ಯೂಯಾರ್ಕಿನಲ್ಲಿ ಕರಿಯರ ಕೇರಿಯಾದ ಹಾರ್ಲೆಮ್ಮಿನ ಅವಳ ಮನೆ ಬಾಗಿಲಿಗೆ ಬಂದು, ಟೋಪಿ ತೆಗೆದು, ಅವಳ ಅಕ್ಕ ಐಡೆಲಾಳ ಮಾತನ್ನು ಅವಳದೇ ಧಾಟಿಯಲ್ಲಿ ಒಪ್ಪಿಸಿದ್ದ: "ಅಪ್ಪನ ಉಸಿರು ಸರಿ ಇಲ್ಲ. ಬರೋದಿದ್ರೆ ಅವನು ಎದ್ದು ನಿಲ್ಲೋ ಹಂಗಿರುವಾಗ್ಲೇ ಬಾ. ಮಲಗಿದ ಮೇಲೆ ಬಂದು ಏನೂ ಪ್ರಯೋಜನ ಇಲ್ಲ."

ಎದ್ದು ನಿಲ್ಲುವುದು ಅಂದರೆ ಚರ್ಚಿನಲ್ಲಿ ಎದ್ದು ನಿಲ್ಲುವುದು. ಲುವೀನಿಯಾ ಹದಿನಾರನೆಯ ವಯಸ್ಸಿನಲ್ಲಿ ಹಾಡು ಕುಣಿತ ತೋರಿಸುವ ಡೇರೆ ಕಂಪನಿಯ ಜೊತೆ ಊರು ಬಿಟ್ಟಾಗ, ಅವಳು ಮೊಣಕಾಲು ಕಾಣುವ ಲಂಗ ತೊಟ್ಟು ಕುಣಿಯುತ್ತಾಳೆ ಅನ್ನುವ ಮಾತು ಒಂದೇ ತಿಂಗಳಲ್ಲಿ ಊರು ಮುಟ್ಟಿತ್ತು. ಆ ಭಾನುವಾರ ಚರ್ಚಿನಲ್ಲಿ ಎದ್ದು ನಿಂತು, "ಲುವೀನಿಯಾಳನ್ನ ನಮ್ಮೊಳಗಿಂದ ತೆಗೆದುಹಾಕಿ" ಎಂದವನು ಬೇರೆ ಯಾರೂ ಅಲ್ಲ, ಅವಳ ಹೆತ್ತಪ್ಪ, ಡೀಕನ್ ಎಫ್ರಾಯಿಮ್. ಚರ್ಚಿನ ಹಿರಿಯನಾಗಿ ತನ್ನ ಮನೆಯ ತಪ್ಪನ್ನು ತಾನೇ ಹೇಳದಿದ್ದರೆ ಉಳಿದವರ ತಪ್ಪನ್ನು ಯಾವ ಮುಖ ಇಟ್ಟುಕೊಂಡು ಹೇಳುವುದು? ಎಲ್ಲರೂ ಕೈ ಎತ್ತಿದರು. ಐಡೆಲಾ ಕೂಡ ಎತ್ತಿದಳು.

ಆ ಚರ್ಚಿನ ಕಟ್ಟಳೆ ಹೀಗೆ: ಯಾರು ಎದ್ದು ಹೊರಗೆ ಹಾಕಿಸಿದರೋ ಅವರೇ ಎದ್ದು ಒಳಗೆ ಕರೆಯಬೇಕು. ಅವರು ಸತ್ತರೆ ಮುಗಿಯಿತು. ಹೊರಗಿದ್ದವರು ಚರ್ಚಿಗೆ ಬರಬಹುದು, ಹಿಂದಿನ ಬೆಂಚಿನಲ್ಲಿ ಕೂರಬಹುದು, ಯಾರೂ ಬೇಡ ಅನ್ನುವುದಿಲ್ಲ. ಆದರೆ ಸೊಲ್ಲು ಎತ್ತಿಕೊಳ್ಳುವ ಹಾಗಿಲ್ಲ.

ಅಲ್ಲಿ ಹಾಡಿನ ಪುಸ್ತಕವಿಲ್ಲ, ವಾದ್ಯವಿಲ್ಲ. ಡೀಕನ್ ಎದ್ದು ನಿಂತು ಹಾಡಿನ ಒಂದು ಸಾಲನ್ನು ಸರಸರನೆ, ಮಾತಾಡಿದ ಹಾಗೆ ಹೇಳುತ್ತಾನೆ, ಅದೇ ಸೊಲ್ಲು. ಓದು ಬಾರದ, ಓದಲು ಬಿಡದ ಕಾಲದಲ್ಲಿ ಹುಟ್ಟಿದ ರೀತಿ ಅದು. ಅವನು ಹೇಳಿದ್ದನ್ನು ಇಡೀ ಸಭೆ ಎತ್ತಿಕೊಂಡು, ಒಂದೊಂದು ಅಕ್ಷರವನ್ನೂ ಎಳೆದು, ಬಳುಕಿಸಿ, ತೂಗಿ, ನಿಧಾನವಾಗಿ ಹಾಡುತ್ತದೆ. ಯಾರ ದನಿ ಯಾವುದು ಎಂದು ತಿಳಿಯುವುದಿಲ್ಲ. ಹಾಡು ಮುಗಿದ ಮೇಲೆ ಚೆನ್ನಾಗಿ ಹಾಡಿದೆ ಎಂದು ಯಾರಿಗೂ ಯಾರೂ ಹೇಳುವುದಿಲ್ಲ, ಏಕೆಂದರೆ ಅದು ಯಾರೊಬ್ಬರ ಹಾಡೂ ಅಲ್ಲ.

ತಾಯಿ ಸತ್ತಾಗ ಲುವೀನಿಯಾ ಬಂದಿದ್ದಳು. ಸಮಾಧಿಯ ಹತ್ತಿರ ಅಪ್ಪ ಸೊಲ್ಲು ಹೇಳಿದ, ಊರೆಲ್ಲ ಎತ್ತಿಕೊಂಡಿತು. ಹೆತ್ತ ಮಗಳು ಮಾತ್ರ ಬೇಲಿಯ ಹತ್ತಿರ ತುಟಿ ಕಚ್ಚಿಕೊಂಡು ನಿಂತಿದ್ದಳು. ಅವಳ ದನಿ ಕೇಳಲು ಜನ ಷಿಕಾಗೋದಲ್ಲಿ ಹಿಮದಲ್ಲಿ ನಿಂತು ಕಾಯುತ್ತಿದ್ದ ದಿನಗಳವು. ತಾಯಿಗಾಗಿ ಒಂದು ಅಕ್ಷರ ಹಾಡುವ ಹಕ್ಕು ಅವಳಿಗಿರಲಿಲ್ಲ. ಆ ಸಂಕಟ ಅವಳ ಎದೆಯಿಂದ ಇಳಿಯಲೇ ಇಲ್ಲ. ಈಗ ಅವಳಿಗೆ ಬೇಕಾಗಿದ್ದದ್ದು ಅದೊಂದೇ: ಅಪ್ಪ ಬದುಕಿರುವಾಗ ಅವನ ಬಾಯಿಂದ ಒಳಗೆ ಕರೆಸಿಕೊಳ್ಳಬೇಕು, ಅವನು ಹೇಳಿದ ಸೊಲ್ಲನ್ನು ಎಲ್ಲರ ಜೊತೆ ಎತ್ತಿಕೊಳ್ಳಬೇಕು.

ಅವಳು ನಡೆದು ಬಂದ ದಾರಿಯೇನು ಸಾಮಾನ್ಯದ್ದಲ್ಲ. ಡೇರೆ ಕಂಪನಿಯಲ್ಲಿ ಮೊದಲು ಕೊಟ್ಟದ್ದು ಬಾಟಲಿಯ ಬಿರಡೆ ಸುಟ್ಟು ಮಾಡಿದ ಮಸಿ. ಅದನ್ನು ಮುಖಕ್ಕೆ ಮೆತ್ತಿ, ತುಟಿಯ ಸುತ್ತ ಬಿಳಿ ಬಳಿದುಕೊಂಡು ವೇದಿಕೆಗೆ ಬರಬೇಕು. ಬಿಳಿಯರು ಕರಿಯರನ್ನು ಅಣಕಿಸಲು ಹಚ್ಚಿಕೊಂಡ ಮಸಿ ಅದು. ಆಮೇಲೆ ಅದನ್ನೇ ಕರಿಯರೂ ಹಚ್ಚಿಕೊಂಡು ಬಂದರೇ ನೋಡುವವರಿಗೆ ಸಮಾಧಾನ. ಕಪ್ಪು ಮುಖಕ್ಕೆ ಮತ್ತೆ ಕಪ್ಪು! ನಗಬೇಕೋ ಅಳಬೇಕೋ ನೀವೇ ಹೇಳಿ. ಮೂರು ವರ್ಷ ಅವಳೂ ಹಚ್ಚಿಕೊಂಡಳು. ಒಂದು ಸಂಜೆ ಮೆಂಫಿಸ್‌ನಲ್ಲಿ ಅದೇನನ್ನಿಸಿತೋ, ಬಕೆಟ್ಟಿನ ನೀರಿಗೆ ಮುಖ ಅದ್ದಿ, ತಿಕ್ಕಿ ತೊಳೆದು, ಹುಟ್ಟಿದ ಮುಖದಲ್ಲೇ ಹೊರಗೆ ಬಂದಳು. ಮ್ಯಾನೇಜರ್ ಪರದೆಯ ಹಿಂದೆ ಹಲ್ಲು ಕಡಿಯುತ್ತ, "ಹಾಳು ಮಾಡಿದ್ಯಲ್ಲೇ ನನ್ನ!" ಎಂದ. ಆಮೇಲೆ ಮೇಲಿನ ಅಟ್ಟದಿಂದ, ನಮ್ಮವರು ಕೂರುವ ಜಾಗದಿಂದ, ಒಬ್ಬ ಹೆಂಗಸು ಕೂಗಿದಳು: "ಅಯ್ಯೋ, ನಮ್ಮನೆ ಮುಖ ಕಣ್ರೋ ಅದು!"

ಅಲ್ಲಿಂದ ಅವಳು ಮಸಿ ಮುಟ್ಟಲಿಲ್ಲ. ಅವಳ ರೆಕಾರ್ಡುಗಳನ್ನು ಗ್ರಾಮಫೋನ್ ಇಲ್ಲದವರೂ ಕೊಂಡು ಗೋಡೆಗೆ ಆನಿಸಿ ಇಟ್ಟುಕೊಂಡರು. ನ್ಯೂಯಾರ್ಕಿನ ಬ್ರಾಡ್‌ವೇಯ ವೇದಿಕೆಯ ಮೇಲೆ, ಹಿಂದೆ ಬ್ಯಾಂಡು ಕೂರಿಸಿಕೊಂಡು, ತನ್ನ ಹೆಸರಿನಲ್ಲಿ ಒಬ್ಬಳೇ ನಿಂತು ಹಾಡಿದ ಮೊದಲ ಕರಿ ಹೆಂಗಸು ಅವಳೇ. ಒಳಗೆ ಹೋಗುವುದು ಮಾತ್ರ ಕಸ ಹಾಕುವ ಓಣಿಯ ಬಾಗಿಲಿನಿಂದ.

"ಎಲ್ಲಿ ನೋಡ್ಕೊಂಡು ಹಾಡ್ತೀಯೇ ಮಾರಾಯ್ತಿ?" ಎಂದು ಪಿಯಾನೋ ನುಡಿಸುವ ಲೂಶಿಯಸ್ ರೇಗಿಸುತ್ತಿದ್ದ. "ಮುಂದಿನ ಸಾಲಲ್ಲಿ ವಜ್ರ ಹಾಕ್ಕೊಂಡು ಕೂತವ್ರೆ. ನೀನು ನೋಡಿದ್ರೆ ಸೂರಿನ ಜೇಡರ ಬಲೆ ಎಣಿಸ್ತೀಯ."

"ಮುಂದೆ ಕೂತೋರಿಗೆ ತಾನಾಗೇ ಕೇಳ್ಸತ್ತೆ ಬಿಡೋ. ಹಿತ್ಲು ಮೆಟ್ಲು ಹತ್ತಿ ಅಟ್ಟದಲ್ಲಿ ಮುದುರಿಕೊಂಡು ಕೂತವ್ರಲ್ಲ, ಅವ್ರಿಗೆ ಕೇಳ್ಸ್ಬೇಕು. ನಾನು ಬಂದಿರೋದು ಅವ್ರಿಗೆ."

ಹಾಗೆ ಗದ್ದ ಎತ್ತಿ, ಹೊಟ್ಟೆಯಿಂದ ದನಿ ತೆಗೆದು, ಕೆಳಗಿನವರ ತಲೆ ದಾಟಿಸಿ ಮೇಲಿನ ಕೊನೆಯ ಸಾಲಿಗೆ ಎಸೆಯುವುದನ್ನು ಇಪ್ಪತ್ತು ವರ್ಷ ಮಾಡಿದಳು. ಅದು ಅವಳ ಮೈಗೇ ಹತ್ತಿಹೋಯಿತು. ಒಂದು ಅಕ್ಷರವನ್ನು ಏಳೆಂಟು ಸ್ವರಗಳ ಮೇಲೆ ಬಳುಕಿಸುವ ಅವಳ ರೀತಿಯನ್ನು ಪತ್ರಿಕೆಯವರು ಹೊಸ ಸಂಗೀತ ಎಂದು ತಲೆಯ ಮೇಲೆ ಹೊತ್ತು ಮೆರೆಸಿದರು. ಅವಳಿಗೆ ಒಳಗೊಳಗೇ ನಗು. ಅದು ಅಪ್ಪನ ಚರ್ಚಿನ ಬೆಂಚಿನ ಮೇಲೆ ಕಾಲು ನೆಲಕ್ಕೆ ಎಟುಕದ ವಯಸ್ಸಿನಲ್ಲಿ ಕಲಿತದ್ದು.

ಆಮೇಲೆ ಕಾಲ ತಿರುಗಿತು. ಥಿಯೇಟರುಗಳಿಗೆ ಹಾಲು ಬೆರೆಸಿದ ಬಣ್ಣದ ಎಳೆಯ ಹುಡುಗಿಯರು ಬೇಕಾದರು. ಕೆಲಸವಿಲ್ಲದ ಗಂಡಸರು ಬೀದಿಯಲ್ಲಿ ಸಾಲು ನಿಂತ ಆ ವರ್ಷಗಳಲ್ಲಿ ರೆಕಾರ್ಡು ಕೊಳ್ಳುವವರಾದರೂ ಯಾರು? ನಲವತ್ತು ದಾಟಿದ ಲುವೀನಿಯಾಳನ್ನು ಕರೆಯುವವರು ಕಡಿಮೆಯಾದರು. ಪೋರ್ಟರ್ ಬಂದು ಬಾಗಿಲು ತಟ್ಟಿದಾಗ ಅವಳು ಬಿಟ್ಟು ಬರುವಂಥದ್ದು ಹೆಚ್ಚೇನೂ ಉಳಿದಿರಲಿಲ್ಲ.

ಐಡೆಲಾ ಸ್ಟೇಷನ್ನಿಗೆ ಹೇಸರಗತ್ತೆಯ ಗಾಡಿ ತಂದಿದ್ದಳು. ತಂಗಿಯನ್ನು ಮೇಲಿನಿಂದ ಕೆಳಗೆ ನೋಡಿ, "ಇದೇನೇ ತಲೆ ಮೇಲೆ? ಟೋಪಿನೋ, ಕೋಳಿ ಕಾವಿಗೆ ಕೂತಿದ್ಯೋ?" ಎಂದಳು.

"ಪ್ಯಾರಿಸ್ಸಿಂದು ಕಣೇ."

"ಹಂಗಾದ್ರೆ ಪ್ಯಾರಿಸ್ ಕೋಳಿ. ಹತ್ತು, ಹತ್ತು. ಅಪ್ಪ ಬೆಳಗ್ಗೆಯಿಂದ ರಸ್ತೇನೇ ನೋಡ್ತಾವ್ನೆ. ಕೇಳಿದ್ರೆ ಮೋಡ ನೋಡ್ತಿದೀನಿ ಅಂತಾನೆ."

ಎಫ್ರಾಯಿಮ್ ಜಗಲಿಯ ಮೇಲೆ ಕೂತು ಅವರೆಕಾಳು ಬಿಡಿಸುತ್ತಿದ್ದ. ದೊಡ್ಡ ಮೈ ಕರಗಿ ಎಲುಬು ಕಾಣುತ್ತಿತ್ತು. ಎರಡು ಮಾತಿಗೊಮ್ಮೆ ಉಸಿರಿಗಾಗಿ ನಿಲ್ಲುತ್ತಿದ್ದ.

"ಬಂದ್ಯಾ?"

"ಬಂದೆ ಅಪ್ಪ."

"ತಿಂದ್ಯಾ?"

"ರೈಲಲ್ಲಿ ತಿಂದೆ."

ಮುದುಕ ಕಾಳಿನ ಬಟ್ಟಲನ್ನು ಸ್ವಲ್ಪ ಅವಳ ಕಡೆಗೆ ಸರಿಸಿದ. ಅವಳು ಪ್ಯಾರಿಸ್ ಟೋಪಿ ತೆಗೆದಿಟ್ಟು ಪಕ್ಕದಲ್ಲಿ ಕೂತು ಬಿಡಿಸತೊಡಗಿದಳು. ಬಟ್ಟಲು ಅರ್ಧ ತುಂಬಿದಾಗ ಕೇಳಿದಳು, "ಭಾನುವಾರ ಮುಂದಿನ ಬೆಂಚಲ್ಲಿ ಕೂತು ಕೇಳ್ಕೋತೀನಿ ಅಪ್ಪ. ನೀನು ಏಳ್ತೀಯಾ?"

"ಏನಂತ ಕೇಳ್ಕೋತೀಯ?"

"ಕ್ಷಮಿಸಿ, ಒಳಗೆ ತಗೊಳ್ಳಿ ಅಂತ."

"ಹಾಡಿದ್ದಕ್ಕೆ ಕ್ಷಮೆ ಕೇಳ್ತೀಯಾ?"

ಅವಳಿಗೆ ಸುಳ್ಳು ಹೇಳಲಾಗಲಿಲ್ಲ. "ಹಾಡಿದ್ದಕ್ಕಲ್ಲ. ಹೇಳದೆ ಹೋಗಿದ್ದಕ್ಕೆ."

ಎಫ್ರಾಯಿಮ್ ಒಂದು ಕಾಯಿ ಬಿಡಿಸಿ, ಕಾಳನ್ನು ನೋಡಿ, ಹುಳುಕಿದ್ದನ್ನು ಎಸೆದ. "ಭಾನುವಾರ ಬರ್ಲಿ, ನೋಡಣ" ಎಂದ.

ಒಳಗೆ ಐಡೆಲಾ ಪಿಸುಗುಟ್ಟಿದಳು: "ಅಷ್ಟು ಅಂದ ಅಂದ್ರೆ ಆಯ್ತು ಅಂತಾನೇ ಅರ್ಥ. ಅವನಿಗೂ ಸಾಕಾಗಿದೆ ಕಣೇ. ಹೊಸ ಪಾದ್ರಿ ಪೆಟಿಗ್ರೂ ಬಂದವ್ನಲ್ಲ, ಅವನಿಗೆ ಪಿಯಾನೋ ಬೇಕಂತೆ, ಪುಸ್ತಕ ಬೇಕಂತೆ. ಸೊಲ್ಲು ಹೇಳೋದು ಹಳೇ ಕಾಲದ್ದು ಅಂತಾನೆ. ಅಪ್ಪ ನಿಂತಿರೋವರೆಗೂ ಬಾಯಿ ಮುಚ್ಕೊಂಡಿದಾನೆ ಅಷ್ಟೇ. ಎತ್ತಿಕೊಳ್ಳೋರೂ ಕಡಿಮೆ ಆಗವ್ರೆ. ಅರ್ಧ ಊರು ಕೆಲಸ ಹುಡ್ಕೊಂಡು ಡೆಟ್ರಾಯಿಟ್ ಸೇರ್ಕೊಂತು."

ಭಾನುವಾರ ಲುವೀನಿಯಾ ಅಕ್ಕನ ಬಿಳಿ ಹತ್ತಿಯ ಅಂಗಿ ತೊಟ್ಟು, ಬರಿದಲೆಗೆ ಬಿಳಿ ವಸ್ತ್ರ ಕಟ್ಟಿಕೊಂಡು, ಕ್ಷಮೆ ಕೇಳುವವರು ಕೂರುವ ಮುಂದಿನ ಬೆಂಚಿನಲ್ಲಿ ಒಬ್ಬಳೇ ಕೂತಳು. ಸುದ್ದಿ ಹರಡಿ ಚರ್ಚು ಕಿಕ್ಕಿರಿದಿತ್ತು. ಬೀಸಣಿಗೆಗಳು ಆಡುತ್ತಿದ್ದವು.

ಎಫ್ರಾಯಿಮ್ ಕೋಲೂರಿ ಎದ್ದ. ಅವಳನ್ನು ನೋಡಿದ. ಮೊದಲು ಹಾಡು, ಆಮೇಲೆ ಕ್ಷಮೆ, ಆಮೇಲೆ ಅವನ ಮಾತು, ಕೊನೆಗೆ ಎಲ್ಲರ ಕೈ. ಹಾಡಿನಲ್ಲಿ ಹೊರಗಿನವಳು ಸೇರಬೇಕಾದರೆ ಡೀಕನ್ ತಲೆದೂಗಬೇಕು. ಎಫ್ರಾಯಿಮ್ ತಲೆದೂಗಿದ. ಹಿಂದಿನ ಬೆಂಚಿನಲ್ಲಿ ಐಡೆಲಾ ಬಿಕ್ಕಿದ್ದು ಎಲ್ಲರಿಗೂ ಕೇಳಿಸಿತು.

"ಹೊಳೆ ತುಂಬಿದೆ, ದೋಣಿ ಇಲ್ಲ, ಕೈ ಹಿಡಿ ತಂದೆ" ಎಂದು ಮುದುಕ ಒಂದೇ ಉಸಿರಿನಲ್ಲಿ ಹೇಳಿದ.

ಸಭೆ ಎತ್ತಿಕೊಂಡಿತು. ಲುವೀನಿಯಾಳೂ ಎತ್ತಿಕೊಂಡಳು. ಮೊದಲ ಅಕ್ಷರದಲ್ಲಿ ಅವಳ ದನಿ ಎಲ್ಲರ ದನಿಯೊಳಗೆ ಇತ್ತು. ಅಮ್ಮನ ನೆನಪಾಯಿತು, ಬೇಲಿಯ ನೆನಪಾಯಿತು. ಕಣ್ಣು ಮುಚ್ಚಿದಳು. ಕಣ್ಣು ಮುಚ್ಚಿದ್ದೇ ತಪ್ಪಾಯಿತು. ಇಪ್ಪತ್ತು ವರ್ಷದ ಅಭ್ಯಾಸ ಅವಳನ್ನು ಕೇಳಲಿಲ್ಲ. ಗದ್ದ ಮೇಲೆದ್ದಿತು, ಹೊಟ್ಟೆ ಬಿಗಿಯಿತು, ದನಿ ತಲೆಗಳನ್ನು ದಾಟಿ, ಬೆಂಚುಗಳನ್ನು ದಾಟಿ, ಇಲ್ಲದ ಅಟ್ಟವನ್ನು ಹುಡುಕಿಕೊಂಡು ಹೊರಟಿತು.

ಮೊದಲು ಪಕ್ಕದ ಸಾಲಿನವರು ನಿಲ್ಲಿಸಿದರು. ಕೇಳಬೇಕೆಂಬ ಆಸೆ, ಇನ್ನೇನು? ಇಂಥ ದನಿ ಕಿವಿಯ ಪಕ್ಕದಲ್ಲೇ ಹುಟ್ಟುವಾಗ ತಮ್ಮ ಒಡಕು ದನಿ ಯಾರಿಗೆ ಬೇಕು? ಆಮೇಲೆ ಮಧ್ಯದವರು, ಆಮೇಲೆ ಬಾಗಿಲ ಬಳಿಯ ಗಂಡಸರು. ಬೀಸಣಿಗೆಗಳು ನಿಂತವು. ಎಂಬತ್ತು ದಾಟಿದ ಮೋಜೆಲ್ ಅಜ್ಜಿ ಮಾತ್ರ ಗೊಗ್ಗರು ದನಿಯಲ್ಲಿ ಇನ್ನೆರಡು ಅಕ್ಷರ ಎಳೆದು, ಸುತ್ತ ನೋಡಿ, ತಾನೂ ಸುಮ್ಮನಾದಳು. ಸಾಲು ಮುಗಿಯುವ ಹೊತ್ತಿಗೆ ಹಾಡುತ್ತಿದ್ದವಳು ಲುವೀನಿಯಾ ಒಬ್ಬಳೇ.

ಕಣ್ಣು ತೆರೆದಾಗ ಅವಳಿಗೆ ಕಂಡದ್ದು ಅಪ್ಪನ ಮುಖ. ಕೋಪವಾಗಿದ್ದರೆ ತಡೆದುಕೊಳ್ಳುತ್ತಿದ್ದಳು. ಮುದುಕ ಕಕ್ಕಾಬಿಕ್ಕಿಯಾಗಿ ಖಾಲಿ ಮನೆಯ ಬಾಗಿಲಲ್ಲಿ ನಿಂತವನ ಹಾಗೆ ಸಭೆಯ ಕಡೆಗೆ ನೋಡುತ್ತಿದ್ದ.

ಅವನು ಮುಂದಿನ ಸೊಲ್ಲು ಹೇಳಿದ. ಲುವೀನಿಯಾ ತುಟಿಯನ್ನು ಬಿಗಿದು ಮುಚ್ಚಿಕೊಂಡಳು. ಈಗಲಾದರೂ ಅವರು ಹಾಡಲಿ ಎಂದು ಬೇಡಿಕೊಂಡಳು. ಅವರು ಅವಳಿಗಾಗಿ ಕಾಯುತ್ತಿದ್ದರು. ಎಫ್ರಾಯಿಮ್ ಅದೇ ಸೊಲ್ಲನ್ನು ಮತ್ತೊಮ್ಮೆ ಹೇಳಿದ. ಯಾರೋ ಕೆಮ್ಮಿದರು, ಅಷ್ಟೇ. ಡೀಕನ್ ಆದಾಗಿನಿಂದ ಅವನು ಹೇಳಿದ ಸೊಲ್ಲೊಂದು ನೆಲಕ್ಕೆ ಬಿದ್ದದ್ದು ಅದೇ ಮೊದಲು.

"ಹಲ್ಲೆಲೂಯಾ!" ಎಂದು ಪಾದ್ರಿ ಪೆಟಿಗ್ರೂ ಕಣ್ಣೊರೆಸಿಕೊಂಡು ಎದ್ದ. ಪಾಪ, ಅವನ ಸಂತೋಷ ಸುಳ್ಳಿನದಲ್ಲ. ಹಿಂದಿನ ಸಾಲಿನ ಹುಡುಗರು ಚಪ್ಪಾಳೆ ತಟ್ಟಿದರು. ಆ ಚರ್ಚಿನ ಸೂರಿನ ಕೆಳಗೆ ಚಪ್ಪಾಳೆ!

ಲುವೀನಿಯಾ ಎದ್ದು ನಿಂತು ಕ್ಷಮೆ ಕೇಳಿದಳು. ಹೇಳದೆ ಹೋದದ್ದಕ್ಕೆ ಎಂದು ಹೇಳಬೇಕೆಂದಿದ್ದಳು. ಬಾಯಿಗೆ ಬಂದದ್ದು "ಕ್ಷಮಿಸಿ" ಎಂಬ ಒಂದೇ ಮಾತು. ಅದು ಯಾವುದಕ್ಕೆಂದು ಅವಳಿಗೂ ಅಪ್ಪನಿಗೂ ಮಾತ್ರ ಗೊತ್ತಿತ್ತು.

ಎಲ್ಲರೂ ಡೀಕನ್ನನ ಕಡೆ ತಿರುಗಿದರು. ಅವನು ಎರಡು ಕೈಯನ್ನೂ ಕೋಲಿನ ಮೇಲಿಟ್ಟು ಉಸಿರು ಕೂಡಿಸಿಕೊಂಡ.

"ಹೊರಗೆ ಹಾಕಿಸ್ದೋನು ನಾನು. ಒಳಗೆ ತಗೊಳ್ಳಿ ಅಂತ ಕೇಳೋನೂ ನಾನೇ. ನನ್ನ ಮಗಳನ್ನ ತಗೊಳ್ಳಿ." ಅಲ್ಲಿಗೇ ಮುಗಿಯಿತು ಎಂದುಕೊಂಡರು. ಕೈಗಳು ಏಳತೊಡಗಿದ್ದವು. ಅವನು ಪಾದ್ರಿಯ ಕಡೆ ತಿರುಗಿದ. "ಪಿಯಾನೋ ತರಿಸ್ಕೊಳ್ಳಪ್ಪ ನೀನು. ನಂದಾಯ್ತು."

ಕೈ ಎತ್ತದವರು ಒಬ್ಬರೂ ಇರಲಿಲ್ಲ. ಆಮೇಲೆ ಪದ್ಧತಿಯಂತೆ ಎಲ್ಲರೂ ಸಾಲಾಗಿ ಬಂದು ಅವಳ ಬಲಗೈ ಹಿಡಿದರು. "ಎಷ್ಟು ಚೆನ್ನಾಗಿ ಹಾಡಿದ್ರಿ ಸಿಸ್ಟರ್!" ಎಂದಳು ಒಬ್ಬಳು. "ಆ ಬೂದಿ ಬೆಕ್ಕಿನ ಹಾಡು ಇದ್ಯಲ್ಲ ರೆಕಾರ್ಡಲ್ಲಿ, ನನ್ನ ಗಂಡ ಅದನ್ನ ಕೇಳ್ತಾ ಕೇಳ್ತಾನೇ ಪ್ರಾಣ ಬಿಟ್ಟ" ಎಂದಳು ಇನ್ನೊಬ್ಬಳು. ಥಿಯೇಟರಿನ ಹಿಂಬಾಗಿಲಲ್ಲಿ ಕೇಳಿ ಕೇಳಿ ಅಭ್ಯಾಸವಾದ ಮಾತುಗಳು. ಅವಳು ಅಲ್ಲಿ ನಕ್ಕ ಹಾಗೆಯೇ ಇಲ್ಲೂ ನಕ್ಕಳು.

ಮನೆಯಲ್ಲಿ ಐಡೆಲಾ ಜೋಳದ ರೊಟ್ಟಿ, ಸೊಪ್ಪು, ಮಜ್ಜಿಗೆ ಇಟ್ಟು, ಮಾತು ಬರುವ ಮೊದಲೇ ಕೋಳಿಗಳಿಗೆ ನೀರಿಡುವ ನೆವ ಮಾಡಿ ಹೊರಗೆ ಹೋದಳು. ಅಪ್ಪ ರೊಟ್ಟಿಯನ್ನು ಮಜ್ಜಿಗೆಗೆ ಮುರಿದು ಹಾಕಿಕೊಂಡು ಚಮಚದಲ್ಲಿ ಕಲಸುತ್ತ ಕೂತ.

"ಬೇಕು ಅಂತ ಮಾಡ್ಲಿಲ್ಲ ಅಪ್ಪ."

"ಗೊತ್ತು."

"ಮುಂದಿನ ಭಾನುವಾರ ಹೇಳು. ನಾನು ಸಣ್ಣಗೆ ಎತ್ಕೋತೀನಿ. ಯಾರಿಗೂ ಕೇಳ್ಸದ ಹಂಗೆ."

ಅವನು ಮೊದಲ ಸಲ ನಕ್ಕ. "ನಿನ್ನ ಕೈಲಾಗಲ್ಲ ವೀನಿ. ನೀನು ಎತ್ಕೊಳ್ಳೋಳಲ್ಲ. ಹೇಳೋಳು. ನನ್ನ ಥರ." ಉಸಿರಿಗಾಗಿ ನಿಂತ. "ನಿಂಗೆ ಹತ್ತೋ ಹನ್ನೊಂದೋ. ಹಿತ್ಲಲ್ಲಿ ನೀನು ಬಟ್ಟೆ ಒಣಗಾಕ್ತಾ ಸೊಲ್ಲು ಹೇಳ್ತಿದ್ದೆ, ನಿಮ್ಮಕ್ಕ ಎತ್ಕೋತಿದ್ಲು. ನಾನು ಕೊಟ್ಟಿಗೇಲಿದ್ದೆ. ನಿಂತು ಕೇಳ್ದೆ. ನನಗಿಂತ ಚೆನ್ನಾಗಿ ಹೇಳ್ತಾಳಲ್ಲಪ್ಪಾ ಇವಳು ಅಂತ ಭಯ ಆಯ್ತು."

"ಭಯ ಯಾಕೆ?"

"ಹೆಂಗಸು ನಿಂತು ಹೇಳೋಕೆ ಅಲ್ಲಿ ಜಾಗ ಎಲ್ಲಿತ್ತು? ಬಾಯಿ ಮುಚ್ಕೊಂಡು ಬೆಂಚಲ್ಲಿ ಕೂರ್ತಿದ್ಯಾ ನೀನು?"

"ಈಗ ಜಾಗ ಇದ್ಯಾ?"

"ಈಗ ಜಾಗ ಇದೆ. ಎತ್ಕೊಳ್ಳೋರಿಲ್ಲ." ಚಮಚವನ್ನು ಬಟ್ಟಲಲ್ಲಿ ಬಿಟ್ಟ. "ನಿನ್ನ ತಪ್ಪು ಅಂತ ಅಲ್ಲ ಮಗಾ. ಕೇಳೋದು ಸುಲಭ. ಜನಕ್ಕೆ ಅದರ ರುಚಿ ಹತ್ತಿತು. ಹತ್ತಿಸ್ದೋಳು ಮಾತ್ರ ನೀನೇ."

ಆ ಕೊನೆಯ ಮಾತು ಅವಳಿಗೆ ಚೂರಿಯಂತೆ ನಾಟಿತು. ಅವನು ಚುಚ್ಚಬೇಕೆಂದು ಹೇಳಿರಲಿಲ್ಲ, ಇದ್ದದ್ದನ್ನು ಹೇಳಿದ್ದ. ಅದಕ್ಕೇ ಅದು ಹೆಚ್ಚು ನೋಯಿಸಿತು.

ಲುವೀನಿಯಾ ನ್ಯೂಯಾರ್ಕಿಗೆ ಹಿಂತಿರುಗಲಿಲ್ಲ. ಲೂಶಿಯಸ್ ಒಮ್ಮೆ ಪೋರ್ಟರ್ ಕೈಲಿ ಹೇಳಿಕಳಿಸಿದ್ದ, "ಜೇಡರ ಬಲೆಗಳು ನಿನ್ನ ಕೇಳ್ತಾವೆ" ಅಂತ. ಅವಳು ನಕ್ಕುಬಿಟ್ಟಳು. ಚರ್ಚಿಗೆ ಪಿಯಾನೋ ಬಂತು, ಪುಸ್ತಕ ಬಂತು. ಭಾನುವಾರಗಳಲ್ಲಿ ಅವಳು ಅಪ್ಪನ ಪಕ್ಕದಲ್ಲಿ ಕೂತು, ಪುಸ್ತಕ ಹಿಡಿದು, ತುಟಿ ಮಾತ್ರ ಅಲ್ಲಾಡಿಸುತ್ತಿದ್ದಳು. ಮುದುಕ ಅದನ್ನೂ ಮಾಡುತ್ತಿರಲಿಲ್ಲ. ಹತ್ತಿ ಬಿಡಿಸುವ ಕಾಲದಲ್ಲಿ ಅವನು ಹಾಸಿಗೆ ಹಿಡಿದ. ಕೊನೆಯ ಮಧ್ಯಾಹ್ನ ಏನೋ ಗೊಣಗಿದ. ಇಬ್ಬರು ಹೆಣ್ಣುಮಕ್ಕಳೂ ಬಾಗಿ ಕೇಳಿದರು. ನೀರು ಬೇಕೆಂದಿದ್ದ. ಲುವೀನಿಯಾ ಕುಡಿಸಿದಳು. ಎರಡು ಗುಟುಕು ಕುಡಿದು ಹೋಗಿಬಿಟ್ಟ.

ಮಣ್ಣಿನ ದಿನ ಬಂದ ಜನವನ್ನು ನೋಡಿ ಐಡೆಲಾ ಗಾಬರಿಯಾದಳು. ಗಾಡಿಗಳು, ಲಾರಿಗಳು, ಎರಡು ಮೋಟಾರು. ಡೀಕನ್ ಎಫ್ರಾಯಿಮನನ್ನು ಕಣ್ಣಿನಿಂದ ಕಾಣದವರೂ ಬಂದಿದ್ದರು. ಲುವೀನಿಯಾ ಟಾಲ್ಬರ್ಟ್ ಹಾಡುತ್ತಾಳಂತೆ ಎಂಬ ಸುದ್ದಿ ಮೂರು ಊರು ದಾಟಿತ್ತು.

"ಅಪ್ಪಂಗೆ ಪಿಯಾನೋ ಹಾಡು ಬೇಡ" ಎಂದು ಅವಳು ಪಾದ್ರಿಗೆ ಹೇಳಿದಳು. "ಸೊಲ್ಲು ಹೇಳಿ ಕಳಿಸ್ಬೇಕು. ಬೇರೆ ಯಾರಿಗೂ ಬರಲ್ಲ. ನಾನು ಹೇಳ್ತೀನಿ."

"ಹೇಳಿ ಸಿಸ್ಟರ್" ಎಂದ ಪೆಟಿಗ್ರೂ. ಒಬ್ಬರೂ ಮೂಗು ಮುರಿಯಲಿಲ್ಲ. ಆ ಊರಿನಲ್ಲಿ ಹೆಂಗಸೊಬ್ಬಳು ಡೀಕನ್ನನ ಜಾಗದಲ್ಲಿ ನಿಂತದ್ದು ಅದೇ ಮೊದಲು. ಬದುಕಿನಲ್ಲಿ ಎಷ್ಟು ಕಡೆ ಅವಳೇ ಮೊದಲನೆಯವಳು ಆದಳೋ! ಇದೊಂದು ಮೊದಲು ಅವಳಿಗೆ ಬೇಕಿರಲಿಲ್ಲ.

ಗುಂಡಿಯ ತಲೆಯ ಕಡೆ ನಿಂತಳು. ಗದ್ದ ತಗ್ಗಿಸಿದಳು. ದನಿಯಲ್ಲಿ ಯಾವ ಬಳುಕೂ ಬಾರದ ಹಾಗೆ, ಅಂಗಡಿಯಲ್ಲಿ ಉಪ್ಪು ಕೇಳುವ ಹಾಗೆ, ಹೇಳಿದಳು: "ಹೊಳೆ ತುಂಬಿದೆ, ದೋಣಿ ಇಲ್ಲ, ಕೈ ಹಿಡಿ ತಂದೆ."

ಹೇಳಿ ಬಾಯಿ ಮುಚ್ಚಿದಳು.

ಗಾಳಿಗೆ ಪೈನ್ ಮರಗಳ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಹಳೆಯ ಮಂದಿಯಲ್ಲಿ ಇಬ್ಬರು ಮೂವರು ಎಳೆಯತೊಡಗಿದರು. ತಮ್ಮ ದನಿ ತಮಗೇ ಕೇಳಿಸಿ, ನಾಚಿ, ಕೆಮ್ಮಿ ನಿಲ್ಲಿಸಿದರು. ಮೋಜೆಲ್ ಅಜ್ಜಿ ಆ ವಾರ ಮಂಚ ಬಿಟ್ಟು ಎದ್ದಿರಲಿಲ್ಲ. ಐಡೆಲಾ ಬಾಯಿ ತೆರೆದಳು, ಅಳು ಬಂತೇ ಹೊರತು ಹಾಡು ಬರಲಿಲ್ಲ. ಲುವೀನಿಯಾ ಅದೇ ಸೊಲ್ಲನ್ನು ಮತ್ತೆ ಹೇಳಿದಳು. ಒಬ್ಬೊಬ್ಬರ ಮುಖವನ್ನೂ ನೋಡಿದಳು. ಎತ್ತಿಕೊಳ್ಳಿ, ದಮ್ಮಯ್ಯ, ಯಾರಾದರೂ ಎತ್ತಿಕೊಳ್ಳಿ ಎಂದು ಅವಳ ಕಣ್ಣು ಬೇಡುತ್ತಿತ್ತು. ಅವರ ಕಣ್ಣುಗಳು ಅಷ್ಟೇ ಆಸೆಯಿಂದ ಅವಳನ್ನು ನೋಡುತ್ತಿದ್ದವು.

ಹಿಂದಿನಿಂದ ಒಬ್ಬ ಗಂಡಸು, ಹ್ಯಾಟನ್ನು ಎದೆಗೆ ಒತ್ತಿ ಹಿಡಿದವನು, ತುಂಬಾ ಮರ್ಯಾದೆಯಿಂದ ಹೇಳಿದ: "ನೀವೇ ಹಾಡಿ ತಾಯಿ. ನಾವು ಕೇಳ್ತೀವಿ."

"ಹ್ಞೂ, ಹಾಡಿ, ಹಾಡಿ" ಎಂದರು ಪಕ್ಕದವರು.

ಅಪ್ಪನನ್ನು ಹಾಡಿಲ್ಲದೆ ಮಣ್ಣಿಗಿಡುವುದು ಹೇಗೆ? ಲುವೀನಿಯಾ ಗದ್ದ ಎತ್ತಿ ಹಾಡಿದಳು. ಸೊಲ್ಲೂ ಅವಳದೇ, ಎತ್ತಿಕೊಂಡದ್ದೂ ಅವಳೇ. ಎಲ್ಲ ಸಾಲುಗಳನ್ನೂ ಒಬ್ಬಳೇ ಹಾಡಿದಳು. ಆ ದನಿ ಬೇಲಿ ದಾಟಿತು, ಹತ್ತಿ ಹೊಲ ದಾಟಿತು, ಹೊಲದಂಚಿನಲ್ಲಿ ಬಿಳಿಯ ದಣಿಯೊಬ್ಬ ಕುದುರೆ ನಿಲ್ಲಿಸಿ ಹ್ಯಾಟು ತೆಗೆದ. ಅವಳು ಎಲ್ಲಿಯೂ ಅಷ್ಟು ಚೆನ್ನಾಗಿ ಹಾಡಿರಲಿಲ್ಲ ಎಂದು ಅವಳಿಗೇ ಗೊತ್ತಿತ್ತು. ಜನ ಕರವಸ್ತ್ರ ಬಾಯಿಗೊತ್ತಿಕೊಂಡು ಅತ್ತರು. ಮುಗಿದಾಗ ಯಾರೋ ಚಪ್ಪಾಳೆಗೆಂದು ಎತ್ತಿದ ಕೈಯನ್ನು ಅವನ ಹೆಂಡತಿ ಹಿಡಿದು ಕೆಳಗಿಳಿಸಿದಳು. ಇಂಥ ಸಾವು ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದು ಹೋಗುವಾಗ ಮಾತಾಡಿಕೊಂಡರು.

ಗಂಡಸರು ಮಣ್ಣು ಎಳೆದು ಮುಗಿಸುವವರೆಗೂ ಅಕ್ಕತಂಗಿಯರು ಅಲ್ಲೇ ನಿಂತಿದ್ದರು. ಐಡೆಲಾ ತಂಗಿಯ ತೋಳು ಹಿಡಿದುಕೊಂಡು ಸಮಾಧಾನಕ್ಕೆಂದು ಹೇಳಿದಳು: "ಅಪ್ಪಂಗೆ ಕೇಳಿಸಿರತ್ತೆ ಕಣೇ ವೀನಿ."

"ಕೇಳೋರನ್ನ ಅಪ್ಪ ಯಾವತ್ತಾದ್ರೂ ಕರೆದಿದ್ನೇನೇ ಐಡೆಲಾ?" ಎಂದಳು ಲುವೀನಿಯಾ. "ಊರು ತುಂಬ ಜನ ಬಂದಿದ್ರು. ಒಬ್ರಾದ್ರೂ ಅವನಿಗೆ ಹಾಡಲಿಲ್ಲ."